ಚಿವುಟಿದ ಕುಡಿ

"ತುಳಸಿಯನ್ನೇ ಒಣಗಿಸಿದವಳು ನೀನು, ಮರಳುಗಾಡಲ್ಲಿ ಗಿಡ ಸಾಕುದಾ ಮಾರಾಯ್ತಿ?" ಎಂದು ಅಬುಧಾಬಿ ಪಕ್ಕದ ಬನಿಯಾಸ್‌ನಲ್ಲಿರುವ ಭಾವ ನಕ್ಕಿದ್ದರು. ಆ ಹಟಕ್ಕೇ ಅಬುಧಾಬಿಯ ಹೋಟೆಲೊಂದರಲ್ಲಿ ಗಿಡ ನೋಡಿಕೊಳ್ಳುವ ಕೆಲಸ ಹಿಡಿದೆ.

ಅಲ್ಲಿಗೆ ಪ್ರದರ್ಶನಕ್ಕೆಂದು ಜಪಾನಿನ ಬೊನ್ಸಾಯ್ ಕಲಾವಿದರೊಬ್ಬರು ಬಂದರು. ಅವರ ಕುಂಡದ ಮರಕ್ಕೆ ನೀರು ಹಾಕುತ್ತಾ, ಊರಿನ ಮಲ್ಲಿಗೆ ಗಿಡವೆಂಬಂತೆ ಒಂದು ಕುಡಿ ಚಿವುಟಿಬಿಟ್ಟೆ.

"ಎರಡು ವರ್ಷ ಕಾದು ಬೆಳೆಸಿದ ಕುಡಿ. ಯಾರು ಚಿವುಟಿದ್ದು?" ಎಂದರು ಅವರು.

"ಸುಮ್ಮನಿರಿ, ಇಲ್ಲಾಂದ್ರೆ ಕೆಲಸ ಖಲಾಸ್," ಎಂದು ಮಂಗಳೂರು ಕಡೆಯವರಾದ ನಮ್ಮ ಹೋಟೆಲ್ ಮ್ಯಾನೇಜರ್ ಪಿಸುಗುಟ್ಟಿದರು.

"ನಾನೇ," ಎಂದೆ.

ಕಲಾವಿದರು ಕುಂಡವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹಾಗಾದರೆ ಇನ್ನಿದು ನಿಮ್ಮ ಮರ. ದಿನವೂ ನೀರು ಬೇಕು, ರಜೆ ಇಲ್ಲ."

ಈಗ ಆ ಮರ ನನ್ನದು. ಅದಕ್ಕಾಗಿ ನಾಲ್ಕು ವರ್ಷದಿಂದ ಊರಿಗೆ ಹೋಗಿಲ್ಲ. ನೀರು ತಾನು ಹಾಕುತ್ತೇನೆ ಎನ್ನುತ್ತಾರೆ ಭಾವ, ನಾನು ಬಿಡಬೇಕಲ್ಲ!