ಜೂನ್ ಒಂದರಂದು ಹುಟ್ಟಿದವರು

ಮೂವತ್ತು ವರ್ಷ ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದ ನನ್ನ ಘನ ಸಾಧನೆ ಎಂದರೆ ಒಂದು ಕರಿಹಲಗೆ. ಬೆಳಗಿನ ಪ್ರಾರ್ಥನೆಗೆ ಮುಂಚೆ ಅದರ ಮೇಲೆ ‘ಚರಿತ್ರೆಯಲ್ಲಿ ಈ ದಿನ’ ಬರೆಯುತ್ತಿದ್ದೆ. ಇದೇ ತಾರೀಖಿಗೆ ಎಲ್ಲೋ ಒಬ್ಬ ರಾಜ ಪಟ್ಟಕ್ಕೇರಿದ, ಇನ್ನೆಲ್ಲೋ ಇನ್ನೊಬ್ಬನ ತಲೆ ಹೋಯಿತು, ಮತ್ತೆಲ್ಲೋ ಹಡಗು ಮುಳುಗಿತು. ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳು ತಾರೀಖು ಒಂದೇ ಎಂಬ ಕಾರಣಕ್ಕೆ ನನ್ನ ಹಲಗೆಯ ಮೇಲೆ ನೆಂಟರಾಗುತ್ತಿದ್ದವು. ಯಾರಾದರೂ ಇಸವಿ ತಪ್ಪು ಹೇಳಿದರೆ ಕಿವಿ ಹಿಂಡುತ್ತಿದ್ದೆ. ಸುಳ್ಳು ತಾರೀಖು ಕಂಡರೆ ನನಗೆ ಆಗುತ್ತಿರಲಿಲ್ಲ, ಒಂದನ್ನು ಬಿಟ್ಟು.

ಅದು ಜೂನ್ ಒಂದು. ನಮ್ಮ ಕಡೆ ನನ್ನ ವಯಸ್ಸಿನ ಅರ್ಧ ಜನ ಹುಟ್ಟಿದ್ದು ಅವತ್ತೇ. ನಮ್ಮ ಹೆಡ್‌ಮಾಸ್ಟರು, ಗುಮಾಸ್ತರು, ಡ್ರಿಲ್ ಮೇಷ್ಟ್ರು, ನಾನು, ಎಲ್ಲರೂ. ವಾಟ್ಸ್ಯಾಪ್ ಗುಂಪಿನಲ್ಲಿ ಎಲ್ಲರೂ ಎಲ್ಲರಿಗೂ ಶುಭಾಶಯ ಹೇಳಿ, ಎಲ್ಲರೂ ಎಲ್ಲರಿಗೂ ಧನ್ಯವಾದ ಹೇಳುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಆ ಒಂದು ದಿನ ನಮ್ಮೂರುಗಳ ಸೂಲಗಿತ್ತಿಯರು ಊಟಕ್ಕೂ ಕೂತಿರಲಾರರು. ನಿಜಕ್ಕೂ ನಮ್ಮನ್ನು ಆ ದಿನ ಹೆತ್ತವರು ಶಾಲೆಯ ಮೇಷ್ಟ್ರುಗಳು. ಅಪ್ಪ ಅಮ್ಮನಿಗೆ ತಾರೀಖು ಗೊತ್ತಿಲ್ಲ ಎಂದರೆ, ಶಾಲೆ ಶುರುವಾಗುವ ದಿನವನ್ನೇ ಬರೆದು ಕೈತೊಳೆದುಕೊಳ್ಳುತ್ತಿದ್ದರು.

ಯಲ್ದೂರಿನ ಶಾಲೆಗೆ ಅಪ್ಪ ನನ್ನನ್ನು ಎಳೆದುಕೊಂಡು ಹೋದಾಗ ನನಗೆ ಏಳು ತುಂಬಿತ್ತು. ನಾಲ್ಕೂವರೆ ವರ್ಷದ ತಂಗಿ ತಾನೂ ಬರುತ್ತೇನೆಂದು ರಂಪ ಮಾಡಿ ಹಿಂದೆಯೇ ಬಂದಿದ್ದಳು.

“ಯಾವಾಗ ಹುಟ್ಟಿದ್ದಯ್ಯಾ ಇವನು?” ಎಂದರು ಮೇಷ್ಟ್ರು.

“ಮಾವಿನಕಾಯಿ ಕೀಳೋವಾಗ ಸಾರ್. ಇವಳು ಅವರೆಕಾಯಿ ಕಾಲ್ದಲ್ಲಿ.”

ತಲೆಯ ಮೇಲಿಂದ ಕೈ ಹಾಯಿಸಿ ಆಚೆ ಕಿವಿ ಮುಟ್ಟಿದರೆ ಆರು ವರ್ಷ ಎಂದು ಲೆಕ್ಕ. ನಾನು ಮುಟ್ಟಿದೆ. ಓದುವ ಆಸೆಗೆ ತಂಗಿ ತಲೆಯನ್ನೇ ವಾರೆ ಮಾಡಿ ಮುಟ್ಟಿಬಿಟ್ಟಳು. ಮಾವು, ಅವರೆ ಎಂದು ಎರಡೆರಡು ಕಾಲ ಯಾಕೆ ಎಂದು ಮೇಷ್ಟ್ರು ಇಬ್ಬರಿಗೂ ಒಂದೇ ಜೂನ್ ಒಂದು, ಒಂದೇ ಇಸವಿ ಬರೆದರು. ಮುಂದೆ ನೌಕರಿಯ ಲೆಕ್ಕದಲ್ಲಿ ನನಗೆ ಒಂದು ವರ್ಷ ಲಾಭವಾಯಿತು, ಅವಳಿಗೆ ಒಂದೂವರೆ ವರ್ಷ ಹೋಯಿತು.

ಅವಳೂ ಟೀಚರಾದಳು, ಮುಳಬಾಗಿಲಿನ ಕಡೆ ಪ್ರೈಮರಿ ಶಾಲೆಯಲ್ಲಿ. ಹುಟ್ಟಿದ ತಾರೀಖು ತಿದ್ದಿಸಲು ಕೆಲಸಕ್ಕೆ ಸೇರಿದ ಹೊಸತರಲ್ಲಷ್ಟೇ ಅವಕಾಶ. ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದರು, ಅಮ್ಮನಿಗೆ ಅವರೆಕಾಯಿ ಬಿಟ್ಟರೆ ಬೇರೆ ಪಂಚಾಂಗವಿರಲಿಲ್ಲ.

“ನಾನು ನಿನಗಿಂತ ಚಿಕ್ಕೋಳು ಅಂತ ಒಂದು ಹೇಳಿಕೆ ಬರ್ಕೊಡಣ್ಣ,” ಎಂದು ತಂಗಿ ನನ್ನ ಮನೆಗೆ ಬಂದಳು.

“ನಾಳೆ ಬರ್ಕೊಡ್ತೀನಿ ಕಣೇ,” ಎಂದೆ.

ನಾನು ದೊಡ್ಡವನೆಂದು ಬರೆದರೆ, ಎಷ್ಟು ದೊಡ್ಡವನು ಎಂದು ಕೇಳುತ್ತಾರೆ. ಕೇಳಿದರೆ ನನ್ನ ಲಾಭದ ವರ್ಷಕ್ಕೆ ಕುತ್ತು. ಹಾಗಾಗಿ ನಾಳೆ ನಾಳೆ ಎಂದೇ ಅವಕಾಶ ಮುಗಿಯುವವರೆಗೂ ತಳ್ಳಿದೆ. ಆಮೇಲೆ ಅವಳು ಕೇಳಲಿಲ್ಲ. ಅವಕಾಶ ಮುಗಿದ ಮರುದಿನವೂ ನಾನು ಹಲಗೆ ಬರೆದೆ, ಯಾರದೋ ಕಿವಿ ಹಿಂಡಿದೆ.

ಜೂನ್ ಒಂದಕ್ಕೆ ಹುಟ್ಟಿದವರೆಲ್ಲ ಮೇ ಮೂವತ್ತೊಂದಕ್ಕೆ ಒಟ್ಟಿಗೆ ನಿವೃತ್ತರಾಗುತ್ತಾರೆ. ಈ ವರ್ಷ ನಮ್ಮ ಸರದಿ. ಕೋಲಾರದ ಒಂದು ಸಭಾಂಗಣದಲ್ಲಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, ಪೇಟ ತೊಡಿಸಿ, ಶಾಲು ಹೊದಿಸಿದರು. ಆ ಸೆಕೆಯಲ್ಲಿ ಶಾಲು ಹೊದಿಸುವುದನ್ನು ಸನ್ಮಾನ ಎನ್ನುತ್ತಾರೆ. ನಿರೂಪಕರು ಪಟ್ಟಿ ನೋಡಿ, “ಒಂದೇ ದಿನ ಹುಟ್ಟಿ, ಒಂದೇ ದಿನ ನಿವೃತ್ತರಾಗುತ್ತಿರುವ ಅವಳಿ ಅಣ್ಣ ತಂಗಿ,” ಎಂದು ನಮ್ಮನ್ನು ಕರೆದರು. ಜೋರು ಚಪ್ಪಾಳೆ. ತಂಗಿ ನನ್ನ ಮುಖ ನೋಡಿದಳು. ನಾನು ಕೈಮುಗಿದು ನಕ್ಕೆ. ಅಷ್ಟು ನಾಚಿಕೆಗೆಟ್ಟ ನಗು ನಾನು ಜನ್ಮದಲ್ಲಿ ನಕ್ಕಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಮುಳಬಾಗಿಲಿನ ಬಸ್ಸಿಗೆ ಕಾಯುತ್ತ ಅವಳು, “ಈಗ ನಾಲ್ಕನೇ ಕ್ಲಾಸು ಮುಗಿಸಿರೋ ಮಕ್ಕಳನ್ನ ಐದು ಮುಗಿಸಿ ಕಳಿಸ್ಬೇಕು ಅಂತಿತ್ತು ಅಣ್ಣ,” ಎಂದಳು. “ಅದರಲ್ಲೊಬ್ಬಳಿಗೆ ಈಗಷ್ಟೇ ಅಕ್ಷರ ಕೂಡಿಸಿ ಓದೋಕೆ ಬಂದೈತೆ.”

“ತಪ್ಪಾಯ್ತು ಕಣೇ,” ಎಂದೆ.

“ಹಂಗಾದ್ರೆ ಈಗ ಬರ್ಕೊಡು.”

“ಈಗ ಬರೆದು ಏನುಪಯೋಗ?”

“ಉಪಯೋಗ ಏನೂ ಇಲ್ಲ. ಬರ್ಕೊಡು.”

ಸಮಾರಂಭದ ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ ಬರೆದೆ: ಈಕೆ ನನ್ನ ತಂಗಿ, ನನಗಿಂತ ಎರಡೂವರೆ ವರ್ಷ ಚಿಕ್ಕವಳು, ಇದು ನನಗೆ ಮೊದಲಿಂದಲೂ ಗೊತ್ತಿತ್ತು. ಸಹಿ ಹಾಕಿದೆ. ತಾರೀಖಿನ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಅವಳು ಕೇಳಿದ ಕಾಲದ ಇಸವಿ ಹಾಕಲೇ ಎಂದು ಕೇಳಿದೆ.

“ಬೇಡ, ಇವತ್ತಿಂದೇ ಹಾಕು,” ಎಂದಳು. “ಯಾವತ್ತು ಕೊಟ್ಟೆ ಅಂತ ಗೊತ್ತಾಗ್ಲಿ.”