ನೆಲಕ್ಕಿಟ್ಟು ಕೊಟ್ಟ ಚಾಕು

ಪುಂಡಲೀಕ ಕಾಕಾ ಅಲಗಿದ್ದ ಯಾವ ಸಾಮಾನನ್ನೂ ಯಾರ ಕೈಗೂ ಕೊಡುತ್ತಿರಲಿಲ್ಲ. ಚಾಕು ಇರಲಿ, ಕೊಡಲಿ ಇರಲಿ, ಮಚ್ಚಿನಂಥ ಕೊಯ್ತಾ ಇರಲಿ, ಅದನ್ನು ಗೋಣಿತಟ್ಟಿನ ಮೇಲಿಟ್ಟು, ಹಿಡಿಕೆಯನ್ನು ನಮ್ಮ ಕಡೆ ತಿರುಗಿಸಿ, ಎರಡು ಬೆರಳಿನಿಂದ ಅಷ್ಟು ಮುಂದೆ ಸರಿಸುತ್ತಿದ್ದರು. ನಾವೇ ಬಗ್ಗಿ ಎತ್ತಿಕೊಳ್ಳಬೇಕು. ಮೊದಲ ಸಲ ನಾನು ಅವಸರಕ್ಕೆ ಕೈ ಚಾಚಿದಾಗ ಚಾಕು ಹಿಂದಕ್ಕೆಳೆದುಕೊಂಡು, “ಕೈಯಿಂದ ಕೈಗೆ ಕೊಟ್ರ ಇಬ್ಬರ ನಡುವ ಜಗಳ ಬರತೈತ್ರಿ ಬಾಯಾರ. ನಿಮ್ಮ ಕೂಡ ನಂದೇನ ಜಗಳ?” ಅಂದಿದ್ದರು.

ಅವರ ಕುಲುಮೆ ಖಾನಾಪುರದಲ್ಲಿ, ಜಾಂಬೋಟಿ ಕಡೆ ಹೋಗುವ ರಸ್ತೆಗೆ ಹತ್ತಿಕೊಂಡ ಒಂದು ತಗಡಿನ ಶೆಡ್ಡು. ನಾನು ಬೆಳಗಾವಿಯ ವಿಮಾ ಕಚೇರಿಯೊಂದರಲ್ಲಿ ಕೆಲಸ ಮಾಡುವಾಕೆ. ವಾರವೆಲ್ಲ ಕ್ಲೇಮಿನ ಕಾಗದ ತಿರುವಿ ಬೇಸತ್ತು, ನಲವತ್ತು ದಾಟಿದ ಮೇಲೆ ಕಾಡು ಸುತ್ತುವ ಹುಚ್ಚು ಹಚ್ಚಿಕೊಂಡಿದ್ದೆ. ಕಚೇರಿಯ ಐದಾರು ಮಂದಿ ಸೇರಿ ಭಾನುವಾರ ಖಾನಾಪುರದ ಕಡೆ ಹೊರಡುತ್ತಿದ್ದೆವು. ಹುಚ್ಚು ಅಂದ ಮೇಲೆ ಪೂರ್ತಿ ಇರಬೇಕಲ್ಲ? ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಒಂದು ಯಾದಿ ಮಾಡಿಕೊಂಡಿದ್ದೆ. ಒಂದು ಚಾಕು, ಒಂದು ಕೈಗೊಡಲಿ, ಮೊಳದುದ್ದದ ಕೊಯ್ತಾ. ಅದನ್ನು ಕಾಕಾನ ಮುಂದೆ ಗಂಭೀರವಾಗಿ ಓದಿದೆ.

ತಿದಿ ಒತ್ತುತ್ತಿದ್ದ ಅವರ ಹೆಂಡತಿ, ನಾವೆಲ್ಲ ಕಾಕು ಅನ್ನುತ್ತಿದ್ದೆವು, ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಕಾಕಾ ನಗಲಿಲ್ಲ. ಕಾಡಿನಲ್ಲಿ ನೀವು ಏನೇನು ಕಡಿಯುವವರು ಎಂದು ಕೇಳಿದರು. ನಾನು ಯೋಚಿಸಿ ಯೋಚಿಸಿ, ಸೌತೆಕಾಯಿ, ಉಳ್ಳಾಗಡ್ಡಿ, ಬೇಕಾದರೆ ಹಗ್ಗ ಅಂದೆ. “ಹಂಗಾರ ಗೇಣುದ್ದದ ಚಾಕು ಬಸ್ ಆತು. ಕೊಡಲಿ ಒಲಿ ಹೂಡಾವರಿಗೆ, ಕೊಯ್ತಾ ದಾರಿ ಮಾಡಾವರಿಗೆ. ನೀವು ಇದ್ದ ದಾರಿ ಮ್ಯಾಲ ಹೋಗಾವ್ರು.”

ಆ ಚಾಕುವಾದರೂ ಸುಮ್ಮನೆ ಸಿಗಲಿಲ್ಲ. ಅಲಗು ಇಲ್ಲದ ಬರೀ ಹಿಡಿಕೆಗಳು ಒಂದು ಬುಟ್ಟಿ ತುಂಬ ಇದ್ದವು. ಅದರಲ್ಲಿ ಒಂದನ್ನು ಆರಿಸಿ, ಮಲಪ್ರಭಾ ಸೇತುವೆಯ ತನಕ ಹಿಡಿದುಕೊಂಡು ಹೋಗಿ ಬನ್ನಿ ಅಂದರು. ಹೋಗಿ ಬಂದೆ. ಅಂಗೈ ತೋರಿಸಿ ಅಂದರು. ಕೆಂಪಗಾದ ಜಾಗ ನೋಡಿ, ಅಲ್ಲಿಗೆ ತಾಗುವ ಕಟ್ಟಿಗೆಯನ್ನು ಹೆರೆದು ಮತ್ತೆ ಕಳಿಸಿದರು. ಕೈಯಲ್ಲಿ ಕಟ್ಟಿಗೆ ತುಂಡು ಹಿಡಿದು ಒಬ್ಬಳೇ ಮೆರವಣಿಗೆ ಹೊರಟ ಹೆಂಗಸನ್ನು ಊರ ಮಂದಿ ತಿರುತಿರುಗಿ ನೋಡಿದರು. ಮೂರನೇ ಸಲಕ್ಕೆ ಅಂಗೈ ಕೆಂಪಗಾಗಲಿಲ್ಲ. ಆಮೇಲೆಯೇ ಹಳೇ ಲಾರಿಯ ಸ್ಪ್ರಿಂಗಿನ ಪಾಟಾ ಕಾಯಿಸಿ ಬಡಿದು ಅಲಗು ಮಾಡಿ ಕೂರಿಸಿದರು. ಇದೆಂಥ ಉಲ್ಟಾ ಕೆಲಸ ಕಾಕಾ ಎಂದಿದ್ದಕ್ಕೆ, “ಕೈ ಒಪ್ಪಲಿ ಮೊದಲ. ಅಲಗು ಎಲ್ಲಿ ಓಡಿ ಹೋಗತೈತಿ?” ಅಂದರು.

ಅವರ ಅಭಿಮಾನವೆಲ್ಲ ಒಂದೇ ಕಡೆ ಇತ್ತು. ಕಾಡು ಕಾಯುವ ವಾಚರ್‌ಗಳು ಮಳೆಗಾಲಕ್ಕೆ ಮುಂಚೆ ತಮ್ಮ ಕೊಯ್ತಾಗಳನ್ನು ಸಾಣೆಗೆ ಅವರಲ್ಲಿಗೇ ತರುತ್ತಿದ್ದರು. ಸೊಂಟದ ಹಿಂದೆ ಮರದ ಕೊಕ್ಕೆಗೆ ಕೊಯ್ತಾ ಸಿಗಿಸಿಕೊಂಡ ವಾಚರ್ ಯಾರಾದರೂ ರಸ್ತೆಯಲ್ಲಿ ಕಂಡರೆ ಸಾಕು, ಕಾಕಾ ಕೆಲಸ ಬಿಟ್ಟು ಎದ್ದು, ಅವನು ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಿದ್ದರು. “ಮಾಝಾ ಆಹೇ” ಎಂದು ಮರಾಠಿಯಲ್ಲಿ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು, ಅದು ನನ್ನದು ಅಂತ.

ಎರಡು ವರ್ಷ ಆ ಚಾಕು ನನಗೆ ಸಾಕಾಯಿತು. ಆಮೇಲೆ ನಮ್ಮ ಗುಂಪಿನ ಸಂಜೀವ ಎಲ್ಲಿಂದಲೋ ಫಳಫಳ ಹೊಳೆಯುವ ಕತ್ತಿ ತರಿಸಿ, ಅದನ್ನು ಹೆಗಲ ಮೇಲಿಟ್ಟು ಫೋಟೋ ಹಾಕಿದ. ಗುಂಪಿಗೆ ಮುಂದಾಳು ನಾನು, ನನ್ನ ಹತ್ತಿರ ಗೇಣು ಚಾಕು! ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಕಾಕಾನ ಹತ್ತಿರ ಹೋಗಿ, ಶಿವಬಸವ ನಗರದ ನಮ್ಮ ಮನೆಯ ಹಿತ್ತಲಲ್ಲಿ ನುಗ್ಗೆ ಗಿಡ ಬೆಳೆದು ಗ್ವಾಡಿ ಮೇಲೆ ಬಿದ್ದಿದೆ, ಸವರಲು ಒಂದು ಕೊಯ್ತಾ ಬೇಕು ಅಂದೆ. ನಮ್ಮ ಹಿತ್ತಲಲ್ಲಿ ತುಳಸಿ ಬಿಟ್ಟರೆ ಬೇರೆ ಗಿಡವೇ ಇಲ್ಲ. ಕಾಕಾ ನಂಬಿದರು. ಮತ್ತೆ ಸೇತುವೆ ತನಕ ನಡೆಸಿದರು, ಅಂಗೈ ನೋಡಿದರು, ಕೊಯ್ತಾ ಮಾಡಿ ಗೋಣಿತಟ್ಟಿನ ಮೇಲಿಟ್ಟು ಸರಿಸಿದರು. “ಹಿತ್ತಲಕ್ಕ ಅಷ್ಟ ಬಾಯಾರ. ಕಾಡಿನಾಗ ಒಯ್ಯಬ್ಯಾಡ್ರಿ, ಅಲ್ಲಿ ನಡ್ಯಾಂಗಿಲ್ಲ.”

ಮುಂದಿನ ಭಾನುವಾರವೇ ಒಯ್ದೆ. ಕಾಡಿನ ಬಾಗಿಲಲ್ಲಿ ಅರಣ್ಯ ಇಲಾಖೆಯ ನಾಕಾದವರು ನನ್ನ ಚೀಲ ತೆಗೆಸಿದರು. ಕೊಯ್ತಾ ಹೊರಗೆ ಬಂತು. ಇದನ್ನು ಒಳಗೆ ಒಯ್ಯಬಹುದೆಂದು ನಿಮಗೆ ಯಾರು ಹೇಳಿದರು ಎಂದು ಕೇಳಿದರು. ಕಚೇರಿಯವರೆಲ್ಲ ನನ್ನ ಮುಖ ನೋಡುತ್ತಿದ್ದರು. ತಪ್ಪಾಯಿತು ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ವಾಚರ್‌ಗಳಿಗೆ ಕಾಕಾನ ಹೆಸರೆಂದರೆ ಗೌರವ ಎಂಬುದು ನನಗೆ ಗೊತ್ತಿತ್ತು. ಆ ಹೆಸರಿನ ಆಸರೆಯಲ್ಲಿ ಪಾರಾಗಬಹುದು ಅನ್ನಿಸಿತು. “ಪುಂಡಲೀಕ ಕಾಕಾನೇ ಹೇಳ್ಯಾರ, ಒಯ್ದ್ರ ನಡಿತೈತಿ ಅಂತ” ಅಂದುಬಿಟ್ಟೆ.

ಕೊಯ್ತಾ ಇಟ್ಟುಕೊಂಡು ನಮ್ಮನ್ನು ಬಿಟ್ಟರು. ಎರಡು ದಿನ ಬಿಟ್ಟು ಹೇಳಿಕೆಗೆ ಸಹಿ ಹಾಕಲು ಅವರ ಆಫೀಸಿಗೆ ಕರೆಸಿದರು. ಹೋದರೆ ಕಾಕಾ ಅಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೋಪಿ. ಅವರನ್ನು ನಾನು ಸ್ವಚ್ಛ ಅಂಗಿಯಲ್ಲಿ ನೋಡಿದ್ದು ಅದೊಂದೇ ಸಲ. ನೀವೇ ಹೇಳಿದಿರೇನು ಎಂದು ಸಾಹೇಬರು ಕೇಳಿದರು. ಕಾಕಾ ಒಮ್ಮೆ ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿನ ನಕಾಶೆ ನೋಡುತ್ತ ನಿಂತೆ.

“ಹೌದ್ರಿ ಸಾಹೇಬ್ರ. ನಾನ ಹೇಳೀನಿ. ಬಾಯಾರಿಗೆ ಏನ ಗೊತ್ತು.”

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ತೋರಿಸಿದ ಕಡೆ ಸಹಿ ಮಾಡಿ, ಕಾಕಾನಿಗಿಂತ ಮುಂಚೆ ಹೊರಗೆ ಬಂದು ಬಸ್ಸು ಹತ್ತಿದೆ. ನಾಚಿಕೆಗೇಡಿ ನಾನು, ಬೇರೆ ಶಬ್ದ ಇಲ್ಲ ಅದಕ್ಕೆ.

ಮಳೆಗಾಲ ಹಿಡಿದ ಮೇಲೆ ಧೈರ್ಯ ಮಾಡಿ ಹೋದೆ. ಕ್ಷಮೆ ಕೇಳುವ ಮಾತನ್ನು ಬೆಳಗಾವಿಯಿಂದ ಖಾನಾಪುರದ ತನಕ ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆ. ಶೆಡ್ಡಿನೊಳಗೆ ಕಾಲಿಟ್ಟ ಕೂಡಲೇ ಅದನ್ನೆಲ್ಲ ಬಿಟ್ಟು, ಚಾಕು ಮೊಂಡಾಗಿದೆ ಕಾಕಾ ಅಂದೆ. ಕಾಕು ನನ್ನ ಕಡೆ ತಿರುಗಲಿಲ್ಲ. ಕಾಕಾ ಮಾತ್ರ ಕುಂದರ್ರಿ ಅಂದು, ಚಹಾ ತರಿಸಿ, ಸಾಣೆ ಹಿಡಿದರು. ಒಲೆಯ ಬಾಜು ಯಾವಾಗಲೂ ವಾಚರ್‌ಗಳ ಕೊಯ್ತಾ ಸಾಲಾಗಿ ಇರುತ್ತಿದ್ದ ಜಾಗ ಖಾಲಿ ಇತ್ತು. ಅವರು ಬರಲಿಲ್ಲವೇ ಎಂದು ಕೇಳಿದೆ. ಕಾಕಾ ಚಾಕುವಿನಿಂದ ತಲೆ ಎತ್ತದೆ, “ಈ ವರ್ಷ ಮಳಿ ತಡಾ ಐತಲ್ರಿ, ಬರತಾರ” ಅಂದರು. ತಗಡಿನ ಮೇಲೆ ಮಳೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಆ ಮಾತು ನನಗೆ ಅರ್ಧವೇ ಕೇಳಿಸಿತು. ಆಮೇಲೆ ಚಾಕುವನ್ನು ಎಂದಿನಂತೆ ಗೋಣಿತಟ್ಟಿನ ಮೇಲಿಟ್ಟು, ಹಿಡಿಕೆ ನನ್ನ ಕಡೆ ತಿರುಗಿಸಿ, ಎರಡು ಬೆರಳಿನಿಂದ ಮುಂದೆ ಸರಿಸಿದರು. ನಾನು ಬಗ್ಗಿ ಎತ್ತಿಕೊಂಡೆ. ಅದೇ ಕೊನೆಯ ಭೇಟಿ.

ದೀಪಾವಳಿ ಮುಗಿದ ಮೇಲೆ ಆ ಕಡೆ ಹೋದಾಗ ಶೆಡ್ಡಿಗೆ ಬೀಗ ಇತ್ತು. ಕಾಕಾ ತೀರಿಹೋಗಿ ತಿಂಗಳಾಯಿತು ಎಂದು ಎದುರಿನ ಚಹಾದಂಗಡಿಯವರು ಹೇಳಿದರು. ವಾಚರ್‌ಗಳು ಆ ವರ್ಷ ಕೊನೆಗೂ ಬರಲಿಲ್ಲವಂತೆ.

ಶೆಡ್ಡಿನ ಹಿಂದಿದ್ದ ಅವರ ಮನೆಯ ಕಟ್ಟೆಯ ಮೇಲೆ ಕಾಕು ಅಕ್ಕಿ ಆರಿಸುತ್ತ ಕೂತಿದ್ದಳು. ಆ ದಿನ ನಾನು ಸುಳ್ಳು ಹೇಳಿದೆ, ಕಾಕಾನದು ಏನೂ ತಪ್ಪಿರಲಿಲ್ಲ ಅಂದೆ. ಗೊತ್ತೈತಿ, ಅವತ್ತ ಮನಿಗೆ ಬಂದು ಹೇಳಿದ್ರು, ಅಂದಳು. ಇನ್ನು ಆ ಚಾಕು ಇಟ್ಟುಕೊಳ್ಳುವ ಮುಖ ನನಗಿರಲಿಲ್ಲ. ಚೀಲದಿಂದ ತೆಗೆದು ಕಟ್ಟೆಯ ಮೇಲಿಟ್ಟೆ. ಕಾಕಾ ಮಾಡುತ್ತಿದ್ದ ಹಾಗೆಯೇ ಹಿಡಿಕೆಯನ್ನು ಅವಳ ಕಡೆ ತಿರುಗಿಸಿ, ಎರಡು ಬೆರಳಿನಿಂದ ಸರಿಸಿದೆ.

ಕಾಕು ಮೊರ ಬದಿಗಿಟ್ಟಳು. ಚಾಕು ಎತ್ತಿಕೊಂಡಳು. ಇನ್ನೊಂದು ಕೈಯಿಂದ ನನ್ನ ಕೈ ಹಿಡಿದೆಳೆದು, ಚಾಕುವನ್ನು ನೇರ ಅಂಗೈಯಲ್ಲಿಟ್ಟು, ನನ್ನ ಬೆರಳನ್ನು ಒಂದೊಂದಾಗಿ ಮಡಚಿದಳು.

“ಅವರಿಗೆ ಜಗಳ ಬ್ಯಾಡಾಗಿತ್ತು. ನನಗ ಬೇಕು.”

ಮತ್ತೆ ಮೊರ ಎತ್ತಿಕೊಂಡು ಅಕ್ಕಿ ಆರಿಸತೊಡಗಿದಳು. ನಾನು ಸೇತುವೆಯ ತನಕ ನಡೆದು ಬಂದೆ, ಚಾಕು ಕೈಯಲ್ಲೇ ಇತ್ತು. ಅಂಗೈ ಬಿಚ್ಚಿ ನೋಡಿದರೆ ಎಲ್ಲಿಯೂ ಕೆಂಪಗಾಗಿರಲಿಲ್ಲ.