ಕಾಣದ ಹಾಗೆ ಹಚ್ಚಿದ ಬಣ್ಣ

ಟಿಕ್, ಟಿಕ್, ಟಿಕ್. ಬಣ್ಣ ಕಲಕಲೆಂದು ಸೀಸೆಯೊಳಗೆ ಹಾಕಿಟ್ಟ ಸೈಕಲ್ಲಿನ ಉಕ್ಕಿನ ಗುಂಡು ಸದ್ದು ಮಾಡಿತೆಂದರೆ ಹಲ್ಲಕ್ಕ ಕೆಲಸದಿಂದ ಮನೆಗೆ ಬಂದಿದ್ದಾಳೆಂದು ಅರ್ಥ. ಇನ್ನು ಅವಳನ್ನು ಮಾತಾಡಿಸುವುದೂ ಒಂದೇ, ಗೋಡೆಯನ್ನು ಮಾತಾಡಿಸುವುದೂ ಒಂದೇ.

ಕಟ್ಟುಹಲ್ಲು ಮಾಡುವುದರಲ್ಲಿ ಅವಳದು ಇಪ್ಪತ್ತಾರು ವರ್ಷ ಪಳಗಿದ ಕೈ; ಹಲ್ಲಕ್ಕ ಎಂಬ ಅಡ್ಡಹೆಸರು ಬಂದದ್ದೂ ಅದರಿಂದಲೇ. ಪಕ್ಕದ ಹಲ್ಲಿಗೂ ಹೊಸ ಹಲ್ಲಿಗೂ ಕೂದಲೆಳೆಯಷ್ಟು ವ್ಯತ್ಯಾಸವಿರದಂತೆ ಬಣ್ಣ ಕೂಡಿಸಬೇಕು; ಯಾರ ಕಣ್ಣಿಗೂ ಬೀಳದಿದ್ದರೆ ಗೆದ್ದಂತೆ. ಅದಕ್ಕೇ ಇರಬೇಕು, ಮನೆಯಲ್ಲಿ ಹೆಬ್ಬೆರಳುದ್ದದ ಸೀಸದ ಸೈನಿಕ ಗೊಂಬೆಗಳಿಗೆ ಅವಳು ಹಚ್ಚುತ್ತಿದ್ದುದು ಕಡುಗೆಂಪು, ಹಳದಿ, ನವಿಲುನೀಲಿ.

"ಇದೇನು ಸೈನ್ಯನೋ, ಬ್ಯಾಂಡ್‌ಸೆಟ್ಟೋ?" ಎಂದು ಅಣ್ಣ ಛೇಡಿಸುತ್ತಿದ್ದ. ಅವನು ನಿಜವಾದ ಸೈನ್ಯದಲ್ಲಿದ್ದು ನಿವೃತ್ತನಾದವನು. "ಶತ್ರು ಕಣ್ಣಿಗೆ ಬಿದ್ದವನು ಸತ್ತ ಅಂತಲೇ ಲೆಕ್ಕ, ಕಣೇ."

ಆ ಅಣ್ಣನ ಕಣ್ಣು ಈಗ ಮಬ್ಬಾಗುತ್ತಿತ್ತು. ಬೇಸಗೆ ಕಳೆಯುವುದರೊಳಗೆ ನೆರಳು, ಬೆಳಕು ಇಷ್ಟೇ ಉಳಿಯುತ್ತದೆಂದು ವೈದ್ಯರು ಹೇಳಿದ್ದರು. ಅಷ್ಟರಲ್ಲಿ ತನ್ನ ತುಕಡಿಯ ಇಪ್ಪತ್ತನಾಲ್ಕು ಜನರನ್ನೂ ಗೊಂಬೆಗಳಾಗಿಯಾದರೂ ಒಮ್ಮೆ ಒಟ್ಟಿಗೆ ನೋಡಬೇಕು, ಆಗ ಇದ್ದಂತೆಯೇ, ಹಸಿರು, ಮಣ್ಣುಬಣ್ಣದ ಉಡುಪಿನಲ್ಲಿ. ತಂಗಿಯನ್ನು ಅವನು ಕೇಳಿಕೊಂಡದ್ದು ಇದೊಂದೇ.

ಹಲ್ಲಕ್ಕ ಮೂರು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಸೈನಿಕರು ನಿಲ್ಲಲು ಗುಡ್ಡವನ್ನೂ ಮಾಡಿದಳು. ಆದರೆ ಕೈಗಂಟಿದ ಚಾಳಿ ಎಲ್ಲಿ ಹೋಗುತ್ತದೆ? ಹಲ್ಲಿಗೆ ಹಲ್ಲು ಹೊಂದಿಸುವಂತೆ, ಒಬ್ಬೊಬ್ಬನನ್ನೂ ಅವನ ಕಾಲಕೆಳಗಿನ ಹುಲ್ಲಿಗೆ, ಮಣ್ಣಿಗೆ ಹೊಂದಿಸಿಬಿಟ್ಟಳು.

ಭಾನುವಾರ ಅಣ್ಣ ಬಂದು ಮೇಜಿನ ಮೇಲೆ ಬಗ್ಗಿದ.

"ಗುಡ್ಡ ಚೆನ್ನಾಗಿದೆ. ನಮ್ಮೋರೆಲ್ಲಿ?"

"ನಿನ್ನ ಮೂಗಿನ ಕೆಳಗೇ ಇದಾರಲ್ಲೋ."

ಅವನ ಬೆರಳು ಗುಡ್ಡದ ಮೇಲೆ ತಡಕಾಡಿತು. ಒಬ್ಬ ಉರುಳಿ ಬಿದ್ದ.

"ಭೇಷ್! ಶತ್ರುಗೂ ಸಿಗಲ್ಲ, ನನಗೂ ಸಿಗಲ್ಲ," ಎಂದು ನಕ್ಕ. ನಗು ಅರ್ಧಕ್ಕೇ ನಿಂತಿತು. "ನಮ್ಮ ಅಡುಗೆಯವನು ಎಲ್ಲೇ? ಕುಳ್ಳ ಎಲ್ಲಿ?"

ಹಲ್ಲಕ್ಕ ಎಣಿಸಿದಳು. ಅವಳಿಗೇ ಸಿಕ್ಕಿದ್ದು ಹತ್ತೊಂಬತ್ತು. ಅವಳು ಒಬ್ಬೊಬ್ಬನನ್ನೇ ಕಿತ್ತು ತಟ್ಟೆಗೆ ಹಾಕತೊಡಗಿದಳು.

"ಏನು ಮಾಡ್ತಿದೀಯ?"

"ಕೆಂಪು ಹಚ್ತೀನಿ."

"ತಲೆ ಕೆಟ್ಟಿದೆಯಾ? ನಾವು ಕೆಂಪು ತೊಟ್ಟಿದ್ರೆ ಒಬ್ಬನೂ ಉಳೀತಿರಲಿಲ್ಲ."

"ಅಡಗಿಕೊಂಡಿದ್ದು ಸಾಕು ಅಣ್ಣಾ. ಈಗ ಯಾರು ಗುಂಡು ಹೊಡೀತಾರೆ?"

ಅಣ್ಣ ಬಿದ್ದವನನ್ನು ಹುಡುಕಿ ತೆಗೆದು, ಅಂಗೈಯಲ್ಲಿ ಉರುಳಿಸಿದ. ಆಮೇಲೆ ಅವನನ್ನೂ ತಟ್ಟೆಗೆ ಹಾಕಿದ.

"ಎಲ್ಲರಿಗೂ ಕೆಂಪೇ ಬಳೀಬೇಡ ಮತ್ತೆ. ಯಾರು ಯಾರು ಅಂತ ಗೊತ್ತಾಗಬೇಕು. ಅಡುಗೆಯವನಿಗೆ ಹಳದಿ. ಕುಳ್ಳನಿಗೆ ನಿನ್ನ ಆ ನವಿಲುನೀಲಿ ಹಾಕು. ಅವನ ಕಥೆ ಗೊತ್ತಾ ನಿಂಗೆ? ಒಂದ್ಸಲ ಹೊಳೆ ದಾಟುವಾಗ..."

ಕಥೆಯಲ್ಲಿ ಕುಳ್ಳ ಹೊಳೆಗೆ ಇಳಿಯುವ ಮೊದಲೇ ಹಲ್ಲಕ್ಕ ತಟ್ಟೆ ಎತ್ತಿಕೊಂಡು ಒಳಕೋಣೆಗೆ ಹೊರಟುಹೋಗಿದ್ದಳು. ಅಲ್ಲಿಂದ ಟಿಕ್, ಟಿಕ್, ಟಿಕ್.